ಸಹಾಯ ಬೇಕು: ಆರಾಧನೆಯ ಗಾಯನ ಮತ್ತು ಸ್ಪಷ್ಟ ಉಚ್ಚಾರಣೆ ಕಲಿಸುವವರು

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಚರ್ಚಿನ ಗಾಯನವೃಂದದಲ್ಲಿ ಹಾಡುವ ನಮ್ಮ ಒಂಬತ್ತು ಮಂದಿಗೆ ಗಾಯನದ ಮೂಲಪಾಠ ಹೇಳಿಕೊಡಬಲ್ಲವರು ಬೇಕಾಗಿದ್ದಾರೆ. ಭುಜವೆತ್ತಿ ಎದೆಯಲ್ಲಷ್ಟೇ ಉಸಿರು ತುಂಬಿಕೊಳ್ಳುವುದರಿಂದ ಸಾಲು ಮುಗಿಯುವ ಮೊದಲೇ ಉಸಿರು ಸಾಲದಾಗುತ್ತದೆ. ಹೊಟ್ಟೆ, ಪಕ್ಕೆಲುಬುಗಳು ಹಿಗ್ಗುವಂತೆ ಆಳವಾಗಿ ಉಸಿರೆಳೆಯಬೇಕೆಂದು ತಿಳಿದಿದ್ದರೂ ಹಾಡುವಾಗ ಅದು ಮರೆತುಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಉಚ್ಚಾರಣೆ. ಕಳೆದ ಭಾನುವಾರದ ಧ್ವನಿಮುದ್ರಣದಲ್ಲಿ ‘ಮಹಿಮೆ’ಯು ‘ಮಯಿಮೆ’ ಎಂದೂ, ‘ಹಾಡು’ವುದು ‘ಆಡು’ವುದೆಂದೂ ಕೇಳಿಸಿತು, ರಾಗವನ್ನು ಎಳೆಯುವ ಭರದಲ್ಲಿ ‘ಕರುಣೆ’ಯ ರು ದೀರ್ಘವೇ ಆಗಿಬಿಟ್ಟಿತ್ತು. ಪದಗಳೇ ತಿಳಿಯದಿದ್ದರೆ ಹಿಂದಿನ ಸಾಲಿನಲ್ಲಿ ಕುಳಿತ ಹಿರಿಯರು ನಮ್ಮೊಂದಿಗೆ ದನಿಗೂಡಿಸುವುದಾದರೂ ಹೇಗೆ? ಶನಿವಾರ ಸಂಜೆ ಬರಬಲ್ಲ ಶಿಕ್ಷಕರು, ಚಿಕ್ಕಮಗಳೂರಿನವರಾದರೂ ಸರಿಯೇ, ಪರಿಚಯವಿದ್ದಲ್ಲಿ ದಯವಿಟ್ಟು ತಿಳಿಸಿರಿ. ಕರ್ನಾಟಕ ಸಂಗೀತ ಕಲಿಸುವವರಾದರೂ ಸಂತೋಷವೇ. ಪ್ರಯಾಣವೆಚ್ಚ ಹಾಗೂ ಗೌರವಧನ ಕೊಡುತ್ತೇವೆ.