ಫ್ರಾನ್ಸ್‌ನ ಕೆರ್ಸಿ ಸುಣ್ಣಕಲ್ಲು ನಾಡಿನಲ್ಲಿ ಐದು ದಿನ: ಹಳ್ಳಿ, ಕಾಲುದಾರಿ, ಗುಹೆ ಹೊಂದಿಸುವುದು ಹೇಗೆ?

ಹಾದಿಹೋಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಯ ವಾರ ನಾವಿಬ್ಬರು ನೈಋತ್ಯ ಫ್ರಾನ್ಸ್‌ನ ಲೊಟ್ ಜಿಲ್ಲೆಗೆ, ಅಂದರೆ ಹಳೆಯ ಕೆರ್ಸಿ ನಾಡಿಗೆ, ಹೋಗುತ್ತಿದ್ದೇವೆ. ಕೈಯಲ್ಲಿರುವುದು ಪೂರ್ತಿ ಐದು ದಿನ. ದಿನಕ್ಕೆ 12ರಿಂದ 15 ಕಿ.ಮೀ. ನಡೆಯಬಲ್ಲೆವು. ಸೇಂ-ಸಿರ್-ಲಾಪೋಪಿ ಹಳ್ಳಿ, ಪೆಶ್ ಮೆರ್ಲ್ ಚಿತ್ರಗುಹೆ, ಯಾತ್ರಾಸ್ಥಳ ರೊಕಾಮಡೂರ್, ಪಾದಿರಾಕ್ ಗುಹೆ ಈ ನಾಲ್ಕು ಪಟ್ಟಿಯಲ್ಲಿವೆ. ಬರೀ ಹೆಸರಾಂತ ಜಾಗಗಳನ್ನೇ ಸುತ್ತಿ ಬರುವ ಮನಸ್ಸಿಲ್ಲ, ಮಾಳದ ಮೇಲಿನ ಡಾಲ್ಮೆನ್ (ಇತಿಹಾಸಪೂರ್ವ ಕಾಲದ ಹಾಸುಗಲ್ಲಿನ ಗೋರಿ), ಕಲ್ಲಿನ ಗುಡಿಸಲುಗಳನ್ನೂ ನೋಡಬೇಕು. ಕಾರಿಲ್ಲದೆ ಆಗುತ್ತದೆಯೇ? ನೀರು, ಶೂ, ನಕ್ಷೆಯ ವಿಷಯದಲ್ಲಿ ಏನು ಗಮನಿಸಬೇಕು?

ಕಲ್ಲುಹಾದಿ ಉತ್ತರಿಸಿದ್ದು:

ನಾಲ್ಕು ದಿನ ಕಾರಿಲ್ಲದೆ ಆಗುತ್ತದೆ, ಪಾದಿರಾಕ್‌ಗೆ ಮಾತ್ರ ಒಂದು ದಿನ ಕಾರು ಅಥವಾ ಟ್ಯಾಕ್ಸಿ ಬೇಕು. ಒಂದೇ ಊರಲ್ಲಿ ಬಿಡಾರ ಹೂಡಿದರೆ ಅರ್ಧ ದಿನ ಓಡಾಟಕ್ಕೇ ಹೋಗುತ್ತದೆ, ಎರಡು ಮಾಡಿಕೊಳ್ಳಿ. ಮೊದಲೆರಡು ರಾತ್ರಿ ಕಾಓರ್, ಉಳಿದವು ಫಿಜಾಕ್ ಅಥವಾ ಗ್ರಾಮಾ. ಕಾಓರ್‌ಗೆ ಪ್ಯಾರಿಸ್‌ನ ಆಸ್ಟರ್ಲಿಟ್ಸ್ ನಿಲ್ದಾಣದಿಂದ ನೇರ ರೈಲಿದೆ, ಐದು ಗಂಟೆಯ ಆಸುಪಾಸು ಹಿಡಿಯುತ್ತದೆ. ಕಾಓರ್‌ನಿಂದ ಫಿಜಾಕ್‌ಗೆ ಲೊಟ್ ನದಿ ಕಣಿವೆಯುದ್ದಕ್ಕೂ ಪ್ರಾಂತೀಯ ಬಸ್ ಓಡುತ್ತದೆ. ಭಾನುವಾರ ಬಸ್ಸು ತೀರಾ ಕಡಿಮೆ, ಆದ್ದರಿಂದ ಬಿಡಾರ ಬದಲಿಸುವ ದಿನ ಭಾನುವಾರ ಆಗದಂತೆ ನೋಡಿಕೊಳ್ಳಿ.

ಅದೇ ಬಸ್ಸಿನಲ್ಲಿ ಬೂಜಿಯೆಸ್‌ನಲ್ಲಿ ಇಳಿದರೆ ಎರಡು ದಿನದ ನಡಿಗೆ ಸಿಗುತ್ತದೆ. ಒಂದು ದಿನ ನದಿಯಂಚಿನ ಹಳೆಯ ದೋಣಿ ಎಳೆಯುವ ದಾರಿಯಲ್ಲಿ ಸೇಂ-ಸಿರ್-ಲಾಪೋಪಿಗೆ ಹೋಗಿ. ಒಂದು ಕಡೆಗೆ ಸುಮಾರು 4 ಕಿ.ಮೀ. ಸರಕು ದೋಣಿಗಳನ್ನು ದಡದಿಂದ ಹಗ್ಗ ಕಟ್ಟಿ ಎಳೆಯಲು 1840ರ ದಶಕದಲ್ಲಿ ಬಂಡೆಯ ಗೋಡೆಯನ್ನೇ ಕೊರೆದು ಮಾಡಿದ ದಾರಿ ಅದು, ತಲೆಯ ಮೇಲೆ ಬಂಡೆ ಚಾಚಿಕೊಂಡಿರುತ್ತದೆ. ಕಲ್ಲು ಉದುರುವ ಅಪಾಯವಿದ್ದಾಗ ಮುಚ್ಚುತ್ತಾರೆ, ಹಾಗಾಗಿ ಹಿಂದಿನ ದಿನವೇ ಪ್ರವಾಸಿ ಕಚೇರಿಯಲ್ಲಿ ವಿಚಾರಿಸಿ. ಇನ್ನೊಂದು ದಿನ ಬೂಜಿಯೆಸ್‌ನಿಂದ ಸೆಲೆ ನದಿಯ ಕಡೆ ತಿರುಗಿ ಕಾಬ್ರೆರೆ ಮೂಲಕ ಪೆಶ್ ಮೆರ್ಲ್‌ಗೆ. ಒಂದೂವರೆಯಿಂದ ಎರಡು ಗಂಟೆಯ ನಡಿಗೆ, ಕೊನೆಯಲ್ಲಿ ಏರು.

ರೊಕಾಮಡೂರನ್ನು ಬಸ್ಸಲ್ಲಿ ಹೋಗಿ ಮೇಲಿನಿಂದ ನೋಡಬೇಡಿ. ಗ್ರಾಮಾಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಜಿ.ಆರ್. 6 ಎಂಬ ದೂರದ ಕಾಲುದಾರಿಯಲ್ಲಿ ಆಲ್ಜೂ ಹೊಳೆಯ ಕಮರಿಗೆ ಇಳಿಯಿರಿ. ಸುಮಾರು 11 ಕಿ.ಮೀ. ದಾರಿ. ನಡುವೆ ಪಾಳುಬಿದ್ದ ಸೋ ಗಿರಣಿ ಬರುತ್ತದೆ, ಅಲ್ಲಿ ದಾರಿ ಬಂಡೆಗೆ ಅಂಟಿಕೊಂಡು ಕಿರಿದಾಗುತ್ತದೆ. ಕಣಿವೆಯ ತಳದಿಂದ ಬಂದವರಿಗೆ ಊರು, ಗುಡಿಗಳು, ಕೋಟೆ ಮೂರೂ ಒಂದರ ಮೇಲೊಂದು ಬಂಡೆಗೆ ಆತುಕೊಂಡಂತೆ ಕಾಣುತ್ತವೆ. ಯಾತ್ರಿಕರು ಗುಡಿಗಳಿಗೆ ಏರುತ್ತಿದ್ದುದೂ ಕೆಳಗಿನ ಊರಿನಿಂದಲೇ. ಊರಿನಿಂದ ಗುಡಿಗಳಿಗೆ 216 ಮೆಟ್ಟಿಲು, ಅಲ್ಲಿಂದ ಬಂಡೆಯ ಮೇಲಿನ ಲೋಪಿತಾಲೆ ಎಂಬ ಕೇರಿಗೆ ಇನ್ನೊಂದು ಏರು, ಆಮೇಲೆ ನಿಲ್ದಾಣಕ್ಕೆ ಸುಮಾರು 4 ಕಿ.ಮೀ. ರೊಕಾಮಡೂರ್-ಪಾದಿರಾಕ್ ಎಂಬ ನಿಲ್ದಾಣದ ಹೆಸರು ನೋಡಿ ಎರಡೂ ಪಕ್ಕದಲ್ಲೇ ಇವೆ ಅಂದುಕೊಂಡು ಬರುವವರು ಬಹಳ, ಎರಡೂ ದೂರವೇ. ಗ್ರಾಮಾ ಅದೇ ಮಾರ್ಗದ ಮುಂದಿನ ನಿಲ್ದಾಣ. ದಿನಕ್ಕೆ ರೈಲು ಕೆಲವೇ ಇರುವುದರಿಂದ ಕೊನೆಯದನ್ನು ನೆಚ್ಚದೆ, ಅದರ ಹಿಂದಿನದಕ್ಕೆ ಲೆಕ್ಕ ಹಾಕಿಕೊಂಡು ಬೆಳಿಗ್ಗೆ ಹೊರಡಿ.

ಡಾಲ್ಮೆನ್ ಬೇಕೆಂದರೆ ಅದೇ ರೈಲು ಮಾರ್ಗದ ಅಸ್ಸಿಯೆಯಲ್ಲಿ ಇಳಿಯಿರಿ. ಫ್ರಾನ್ಸ್ ದೊರೆ ಒಂದನೇ ಫ್ರಾನ್ಸಿಸ್‌ನ ಫಿರಂಗಿ ದಳದ ಮುಖ್ಯಸ್ಥ ಗಾಲಿಯೊ ದ ಜೆನೂಯಾಕ್ ಕಟ್ಟಿಸಿದ ಅರಮನೆಯ ಉಳಿದ ಭಾಗ ಮತ್ತು ಚರ್ಚು ಅಲ್ಲಿವೆ. ಚರ್ಚಿನ ಹೊರಗೋಡೆಯ ಸುತ್ತ ಫಿರಂಗಿ, ಮುತ್ತಿಗೆಗಳ ಕೆತ್ತನೆಪಟ್ಟಿ ಇದೆ, ಇಂಥದ್ದು ಬೇರೆ ಚರ್ಚಿನಲ್ಲಿ ಕಾಣಸಿಗುವುದು ಅಪರೂಪ. ಅಲ್ಲಿಂದ ಲಿವೆರ್ನೋಂ ಕಡೆ ನಡೆದರೆ ಪಿಯೆರ್ ಮಾರ್ತಿನ್ ಎಂಬ ಡಾಲ್ಮೆನ್. ಅದರ ಹಾಸುಗಲ್ಲು ಬಿರುಕು ಬಿಟ್ಟಿದ್ದರಿಂದ ಕೆಳಗೆ ಆಧಾರ ಕಟ್ಟಿದ್ದಾರೆ. ಮೇಲೆ ಹತ್ತಿ ಫೋಟೋ ತೆಗೆಯುವುದು ಖಂಡಿತ ಬೇಡ.

ಬುಗ್ಗೆ ಉತ್ತರಿಸಿದ್ದು:

ದಾರಿ ಮೇಲೆ ಹೇಳಿದಂತೆಯೇ ಇರಲಿ, ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಥಳೀಯರು ಕಾಸ್ ಎನ್ನುವ ಈ ಮಾಳದ ಮೇಲೆ ಹೊಳೆ, ಹಳ್ಳ ಇಲ್ಲ. ಮಳೆನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಸುಣ್ಣಕಲ್ಲಿನ ಬಿರುಕುಗಳನ್ನು ಕೊರೆದು ಅಗಲಿಸಿದೆ, ಬಿದ್ದ ನೀರೆಲ್ಲ ಒಳಗಿಳಿದು ಕಣಿವೆಯ ಬುಡದಲ್ಲಿ ಬುಗ್ಗೆಯಾಗಿ ಏಳುತ್ತದೆ. ತೆಮಿನ್ ಬಳಿ ನೆಲದೊಳಗೆ ಮಾಯವಾಗುವ ಉಯಿಸ್ ಹೊಳೆ ಸುಮಾರು 20 ಕಿ.ಮೀ. ಆಚೆ ರೊಕಾಮಡೂರ್ ಹತ್ತಿರದ ಕಾಬೂಯಿ, ಸೇಂ-ಸೊವರ್ ಬುಗ್ಗೆಗಳಲ್ಲಿ ಮೇಲೆ ಬರುತ್ತದೆ. ನಕ್ಷೆಯಲ್ಲಿ ನೀಲಿ ಗೆರೆ ಕಂಡಿತೆಂದು ಬಾಟಲಿ ಖಾಲಿ ಮಾಡಿಕೊಂಡು ಹೋಗಬೇಡಿ. ಆಲ್ಜೂ ಕೂಡ ಬೇಸಿಗೆಯಲ್ಲಿ ಬರೀ ಕಲ್ಲಿನ ಪಾತ್ರ.

ತಲಾ 2 ಲೀಟರ್ ಹೊತ್ತುಕೊಂಡು ಹೊರಡಿ, ಬಿಸಿಲು ಚುರುಕಾಗಿದ್ದರೆ 3. ತುಂಬಿಸಿಕೊಳ್ಳಲು ಹಳ್ಳಿಯ ಸ್ಮಶಾನಗಳನ್ನು ನೋಡಿ, ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ. ‘ಓ ಪೊಟಾಬ್ಲ್’ ಎಂದಿದ್ದರೆ ಕುಡಿಯಬಹುದು, ನಡುವೆ ‘ನೋಂ’ ಸೇರಿದ್ದರೆ ಮುಟ್ಟಬೇಡಿ. ಬಂಡೆಯಿಂದ ಉಕ್ಕುವ ಬುಗ್ಗೆ ಎಷ್ಟು ತಿಳಿಯಾಗಿದ್ದರೂ ಕುಡಿಯಬಾರದು. ಮಣ್ಣು, ಮರಳಿನ ಪದರದಲ್ಲಿ ನೀರು ನಿಧಾನ ಸೋಸಿ ಇಳಿಯುತ್ತದೆ. ಇಲ್ಲಿ ಕೊಳವೆಯಂಥ ಬಿರುಕಲ್ಲಿ ನೇರ ಹರಿಯುತ್ತದೆ, ಮೇಲಿನ ಕುರಿ ಹಟ್ಟಿಯ ಗಲೀಜು ಸೋಸದೆ ಕೆಳಗೆ ಬರುತ್ತದೆ. ಇದೇ ಕಾರಣಕ್ಕೆ ಆಳದ ಕುಳಿಗಳಿಗೆ ಹಣ್ಣಿನ ಸಿಪ್ಪೆಯನ್ನೂ ಎಸೆಯಬೇಡಿ. ಕಾಓರ್ ಪಟ್ಟಣವೇ ಶಾರ್ತ್ರ್ಯೋ ಎಂಬ ಇಂಥದೊಂದು ಬುಗ್ಗೆಯ ನೀರನ್ನು ಶುದ್ಧೀಕರಿಸಿ ಕುಡಿಯುತ್ತದೆ.

ಶೂ: ಪಾದದ ಗಂಟು ಮುಚ್ಚುವುದಕ್ಕಿಂತ ಸೋಲ್ ಮುಖ್ಯ. ಮೆತ್ತನೆಯ ರಬ್ಬರ್, ಹಲ್ಲು ಸವೆಯದ್ದು ಇರಲಿ. ಶತಮಾನಗಳ ಓಡಾಟಕ್ಕೆ ನುಣುಪಾದ ಸುಣ್ಣಕಲ್ಲು ಮಳೆ ಹನಿದರೆ ಸಾಬೂನಿನಂತೆ ಜಾರುತ್ತದೆ. ಕಲ್ಲು ಕರಗಿ ಉಳಿದ ಕೆಂಪು ಜೇಡಿ ಸೋಲಿಗೆ ಮೆತ್ತಿಕೊಂಡ ಮೇಲೆ ಹಲ್ಲಿದ್ದೂ ಪ್ರಯೋಜನವಿಲ್ಲ, ಇಳಿಜಾರಿಗೆ ಮುಂಚೆ ಕಡ್ಡಿಯಿಂದ ಕೆರೆದುಕೊಳ್ಳಿ. ಹೆಚ್ಚಿನವರು ಬೀಳುವುದು ಇಳಿಯುವಾಗ, ಅದೂ ಎಲೆ ಮುಚ್ಚಿದ ಉರುಟು ಕಲ್ಲಿನ ಮೇಲೆ. ಒಂದು ಊರುಗೋಲು ಸಾಕು. ರಕ್ತ ಹೀರುವ ಉಣ್ಣಿಗಳು ಕಚ್ಚದಂತೆ ಉದ್ದ ಪ್ಯಾಂಟು ಹಾಕಿ, ಸಂಜೆ ಮೊಣಕಾಲ ಹಿಂಭಾಗ, ಸೊಂಟ, ಕಂಕುಳು ನೋಡಿಕೊಳ್ಳಿ.

ಹಾದಿಹೋಕ:

ಇಬ್ಬರಿಗೂ ಧನ್ಯವಾದ, ಯೋಜನೆ ಹೆಚ್ಚುಕಡಿಮೆ ಸಿದ್ಧವಾಯಿತು. ಇನ್ನೆರಡು ಸಂದೇಹ. ಗುಹೆಗಳಿಗೆ ಟಿಕೆಟ್ ಅಲ್ಲೇ ಸಿಗುತ್ತದೆಯೇ? ಹಳ್ಳಿಯ ಚರ್ಚುಗಳು ಬೀಗ ಹಾಕಿದ್ದರೆ ಏನು ಮಾಡುವುದು? ದಾರಿಗುರುತಿನ ಬಣ್ಣಗಳ ಅರ್ಥವನ್ನೂ ಯಾರಾದರೂ ಹೇಳಿದರೆ ಒಳ್ಳೆಯದು.

ದೀಪಧಾರಿ ಉತ್ತರಿಸಿದ್ದು:

ಪೆಶ್ ಮೆರ್ಲ್‌ಗೆ ದಿನಕ್ಕೆ 700 ಜನರಿಗಷ್ಟೇ ಪ್ರವೇಶ, ಮುಂಚಿತವಾಗಿ ಕಾದಿರಿಸಿ. ಜನರ ಉಸಿರು, ಮೈ ಶಾಖ ಹೆಚ್ಚಿದರೆ ಒಳಗಿನ ಹವೆ ಕೆಟ್ಟು ಚಿತ್ರಗಳಿಗೆ ಹಾನಿ, ಅದಕ್ಕೇ ಈ ಮಿತಿ. 1922ರಲ್ಲಿ ಇಬ್ಬರು ಹದಿಹರೆಯದ ಹುಡುಗರು ಕಂಡುಹಿಡಿದ ಗುಹೆ ಇದು. ಚುಕ್ಕೆ ಕುದುರೆಗಳು ಸುಮಾರು 29,000 ವರ್ಷ ಹಳೆಯವು, ನೀವು ನೋಡುವುದು ಮೂಲ ಚಿತ್ರಗಳನ್ನೇ, ಪ್ರತಿಕೃತಿಯಲ್ಲ. ಇನ್ನೊಂದು ಹೆಸರಾಂತ ಚಿತ್ರಗುಹೆ ಲಾಸ್ಕೋದಲ್ಲಿ ಈ ಭಾಗ್ಯವಿಲ್ಲ, ಅದರ ಮೂಲ ಗುಹೆ 1963ರಲ್ಲೇ ಸಾರ್ವಜನಿಕರಿಗೆ ಮುಚ್ಚಿತು. ಫೋಟೋ ತೆಗೆಯುವಂತಿಲ್ಲ. ಒಳಗೆ 12 ಡಿಗ್ರಿ, ನಡೆದು ಬೆವರಿ ನೇರ ಒಳಹೊಕ್ಕರೆ ಹತ್ತೇ ನಿಮಿಷದಲ್ಲಿ ನಡುಕ. ಒಣಗಿದ ಅಂಗಿಯೊಂದು ಚೀಲದಲ್ಲಿರಲಿ, ಮೇಲೆ ಸ್ವೆಟರ್.

ಪಾದಿರಾಕ್‌ಗೂ ಸಮಯ ನಿಗದಿಪಡಿಸಿದ ಟಿಕೆಟನ್ನು ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ. ಬಾಯಿಯ ಅಗಲವೇ ಸುಮಾರು 35 ಮೀಟರ್. ಇಳಿದ ಮೇಲೆ ನೆಲದಡಿಯ ಹೊಳೆಯಲ್ಲಿ ದೋಣಿ, ಮತ್ತೆ ಮೆಟ್ಟಿಲು. ಲಿಫ್ಟ್ ಇದೆ, ಆದರೂ ಇಳಿಯುವಾಗ ಮೆಟ್ಟಿಲನ್ನೇ ಹಿಡಿಯಿರಿ. 1889ರಲ್ಲಿ ಗುಹಾ ಅನ್ವೇಷಕ ಎದುವಾರ್-ಆಲ್ಫ್ರೆದ್ ಮಾರ್ತೆಲ್ ಹಗ್ಗದೇಣಿಯಲ್ಲಿ ಇಳಿದ ಆಳದ ಅಂದಾಜು ಹಾಗೆ ಇಳಿದರೇ ಸಿಗುತ್ತದೆ. ಕಾರು ಇರುವ ಆ ದಿನವೇ ಓತುವಾರ್, ಲೂಬ್ರೆಸ್ಸಾಕ್, ಕಾರೆನ್ನಾಕ್ ಹಳ್ಳಿಗಳನ್ನು ಸೇರಿಸಿಕೊಳ್ಳಬಹುದು, ಮೂರೂ ಹತ್ತಿರ.

ಬೀಗ ಹಾಕಿದ ಚರ್ಚಿನ ಬಾಗಿಲಲ್ಲಿ ಕೀಲಿ ಯಾರ ಹತ್ತಿರ ಇದೆಯೆಂಬ ಚೀಟಿ ಇದೆಯೇ ನೋಡಿ. ಇಲ್ಲದಿದ್ದರೆ ಮೇರಿ, ಅಂದರೆ ಪುರಸಭೆ ಕಚೇರಿಯಲ್ಲಿ ಕೇಳಿ. ಚಿಕ್ಕ ಹಳ್ಳಿಯಲ್ಲಿ ಅದು ವಾರಕ್ಕೆ ಕೆಲವು ಅರ್ಧ ದಿನ ಮಾತ್ರ ತೆರೆದಿರುತ್ತದೆ, ಹಿಂದಿನ ದಿನವೇ ಫೋನ್ ಮಾಡಿ. ಸೆಪ್ಟೆಂಬರ್ ಮೂರನೇ ವಾರಾಂತ್ಯದ ಪರಂಪರೆ ದಿನಗಳಲ್ಲಿ ಮುಚ್ಚಿದ ಕಟ್ಟಡಗಳೂ ತೆರೆಯುತ್ತವೆ. ಪ್ರಯಾಣವನ್ನು ಒಂದು ವಾರ ಹಿಂದಕ್ಕೆ ತರಲು ಸಾಧ್ಯವಾದರೆ ತಂದುಬಿಡಿ.

ಕಲ್ಲುಹಾದಿ:

ಬಣ್ಣ: ಬಿಳಿ ಮೇಲೆ, ಕೆಂಪು ಕೆಳಗೆ ಇದ್ದರೆ ಜಿ.ಆರ್. ಕಾಲುದಾರಿ. ಹಳದಿ-ಕೆಂಪು ಒಂದು ಪ್ರದೇಶವನ್ನು ಸುತ್ತುವ ದಾರಿ. ಬರೀ ಹಳದಿ ಅಂದರೆ ಅರ್ಧ ದಿನ, ಒಂದು ದಿನದ ಸ್ಥಳೀಯ ಸುತ್ತು. ಅದೇ ಬಣ್ಣದಲ್ಲಿ ಕತ್ತರಿ ಗುರುತು ಕಂಡರೆ ಆ ದಾರಿ ತಪ್ಪು, ಹಿಂದಿನ ಕವಲಿಗೆ ಮರಳಿ. ಮಾಳದಲ್ಲಿ ದಾರಿ ತಪ್ಪುವುದು ಹೆಚ್ಚಾಗಿ ಎರಡು ಗೋಡೆಗಳ ನಡುವಿನ ಓಣಿಗಳು ಸೇರುವ ಕಡೆ, ಎಲ್ಲವೂ ಒಂದೇ ಥರ ಕಾಣುತ್ತವೆ. ಫ್ರಾನ್ಸ್‌ನ ರಾಷ್ಟ್ರೀಯ ನಕ್ಷೆ ಸಂಸ್ಥೆ ಐಜಿಎನ್‌ನ 1:25,000 ಪ್ರಮಾಣದ ನಕ್ಷೆ ಕೊಳ್ಳಿ, ಫೋನಿಗೂ ನಕ್ಷೆ ಇಳಿಸಿಕೊಳ್ಳಿ, ಕಮರಿಯೊಳಗೆ ಸಿಗ್ನಲ್ ನೆಚ್ಚುವಂತಿಲ್ಲ. ಡಾಲ್ಮೆನ್, ಗುಹೆಬಾಯಿ, ಬುಗ್ಗೆ ಎಲ್ಲಕ್ಕೂ ಆ ನಕ್ಷೆಯಲ್ಲಿ ಗುರುತಿದೆ.

ಗೋಡೆಗಳನ್ನು ಹತ್ತಿ ದಾಟಬೇಡಿ. ಗಾರೆಯಿಲ್ಲದೆ ಕಲ್ಲಿನ ಭಾರದಿಂದಲೇ ನಿಂತವು, ಮೇಲಿನ ಒಂದು ಕಲ್ಲು ಜಾರಿದರೆ ಮುಂದಿನ ಮಳೆಗಾಲಕ್ಕೆ ಒಂದು ಗಜದಷ್ಟು ಕುಸಿಯುತ್ತದೆ. ಗೇಟು ಮುಚ್ಚಿದ್ದರೆ ದಾಟಿ ಮತ್ತೆ ಮುಚ್ಚಿ, ಒಳಗೆ ಕಣ್ಣ ಸುತ್ತ ಕಪ್ಪು ಮಚ್ಚೆಯ ಕುರಿಗಳಿರುತ್ತವೆ.

ಸೆಪ್ಟೆಂಬರ್ ಕೊನೆಗೆ ಬೇಟೆಯ ಕಾಲ ಶುರುವಾಗಿರುತ್ತದೆ. ‘ಶಾಸ್ ಆಂ ಕೂರ್’ ಫಲಕ ಕಂಡರೆ ಮುಂದೆ ಹಂದಿ ಬೇಟೆ ನಡೆಯುತ್ತಿದೆ ಎಂದರ್ಥ, ಸುತ್ತು ಹಾಕಿ ಹೋಗಿ ಅಥವಾ ಫಲಕದ ಬಳಿ ನಿಂತವರನ್ನು ಕೇಳಿ. ಕಿತ್ತಳೆ ಬಣ್ಣದ ಚೀಲದ ಹೊದಿಕೆ ಇದ್ದರೆ ಸಾಕು, ದೂರದಿಂದ ಕಾಣುತ್ತೀರಿ.

ಊಟ: ಮಧ್ಯಾಹ್ನ 12ರಿಂದ ಒಂದೂವರೆಯೊಳಗೆ ಹೋಟೆಲ್ ಸೇರದಿದ್ದರೆ ಅಡುಗೆಮನೆ ಮುಚ್ಚಿರುತ್ತದೆ. ಹಳ್ಳಿ ಅಂಗಡಿಗಳಿಗೆ ಭಾನುವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಬೀಗ ಇರುವುದೇ ಹೆಚ್ಚು, ಶನಿವಾರ ಫಿಜಾಕ್ ಸಂತೆಯಲ್ಲಿ ಬ್ರೆಡ್, ಗಿಣ್ಣು, ಹಣ್ಣು ಕೊಂಡಿಟ್ಟುಕೊಳ್ಳಿ. ಸಸ್ಯಾಹಾರಿಗಳಾಗಿದ್ದರೆ ಕೋಣೆ ಕಾದಿರಿಸುವಾಗಲೇ ತಿಳಿಸಿ, ಬಂದಮೇಲೆ ಹೇಳಿದರೆ ಬಾತುಕೋಳಿ ಆಗಲೇ ಒಲೆಯ ಮೇಲಿರುತ್ತದೆ. ತುರ್ತಿಗೆ 112.