ಸೆಷನ್ ಆಟ್ರಿಬ್ಯೂಟ್ ಬದಲಾಯಿಸಿದ್ರೂ ಲಿಸನರ್‌ನಲ್ಲಿ ಹಳೇ ವ್ಯಾಲ್ಯೂನೇ ಬರ್ತಿದೆ

ಪ್ರಶ್ನೆ:
ಎರಡು ದಿನದಿಂದ ಇದ್ರಲ್ಲೇ ಸಿಕ್ಕಾಕೊಂಡಿದೀನಿ, ಯಾರಾದ್ರೂ ನೋಡಿ ಹೇಳಿ. ಜಾವಾ ಸರ್ವ್ಲೆಟ್ ಆಪ್ (ಸರ್ವರ್‌ನಲ್ಲಿ ಓಡೋ ವೆಬ್ ಆಪ್), ಸೆಷನ್‌ನಲ್ಲಿ, ಅಂದ್ರೆ ಒಬ್ಬೊಬ್ಬ ಯೂಸರ್‌ಗೂ ಸರ್ವರ್ ಇಟ್ಕೊಳ್ಳೋ ಡೇಟಾದಲ್ಲಿ, 'ಥೀಮ್' ಅಂತ ಒಂದು ಆಟ್ರಿಬ್ಯೂಟ್ (ಹೆಸರಿಟ್ಟ ವ್ಯಾಲ್ಯೂ) ಇದೆ, ಅದು ಬದಲಾದಾಗೆಲ್ಲ ಲಾಗ್ ಆಗ್ಲಿ ಅಂತ ಆಟ್ರಿಬ್ಯೂಟ್ ಲಿಸನರ್ (ಬದಲಾವಣೆ ಆದಾಗ ಸರ್ವರ್ ತಾನಾಗೇ ಕರೆಯೋ ಕ್ಲಾಸ್) ಬರೆದೆ. ಮೊದಲನೇ ಸಲ 'ಲೈಟ್' ಅಂತ ಹಾಕಿದಾಗ ಸರಿಯಾಗೇ ಬಂತು. ಆಮೇಲೆ 'ಡಾರ್ಕ್' ಮಾಡಿದ್ರೆ ಪೇಜ್ ಕಪ್ಪಾಗುತ್ತೆ, ಲಾಗ್‌ನಲ್ಲಿ ಮಾತ್ರ ಮತ್ತೆ 'ಲೈಟ್'! ಇನ್ನೊಂದು, ಕಾರ್ಟ್ ಲಿಸ್ಟ್‌ಗೆ ಐಟಂ ಸೇರಿಸಿದ್ರೆ ಲಿಸನರ್ ಕರೆಯೋದೇ ಇಲ್ಲ.

ಉತ್ತರ:
ನಿಮ್ಮ ಕೋಡ್ ಕೆಟ್ಟಿಲ್ಲ, ಅದು ಇರೋದೇ ಹಾಗೆ. ವ್ಯಾಲ್ಯೂ ಬದಲಾದಾಗ ಲಿಸನರ್‌ನಲ್ಲಿ ಓಡೋ ಆಟ್ರಿಬ್ಯೂಟ್‌ರಿಪ್ಲೇಸ್ಡ್ ಒಳಗೆ ಇವೆಂಟ್‌ನ ಗೆಟ್‌ವ್ಯಾಲ್ಯೂ ಕೊಡೋದು ಹಳೇ ವ್ಯಾಲ್ಯೂನ, ಮೊದಲನೇ ಸಲ ಹಾಕಿದಾಗ ಓಡೋ ಆಟ್ರಿಬ್ಯೂಟ್‌ಆಡೆಡ್‌ನಲ್ಲಿ ಅದೇ ಗೆಟ್‌ವ್ಯಾಲ್ಯೂ ಹೊಸದನ್ನ ಕೊಡುತ್ತೆ, ಎಲ್ಲರೂ ಎಡವೋದು ಇಲ್ಲೇ. ಹೊಸದು ಬೇಕಂದ್ರೆ ಇವೆಂಟ್‌ನಿಂದ ಗೆಟ್‌ಸೆಷನ್ ಮಾಡಿ, ಅದರ ಮೇಲೆ ಗೆಟ್‌ಆಟ್ರಿಬ್ಯೂಟ್‌ಗೆ ಇವೆಂಟ್‌ನ ಗೆಟ್‌ನೇಮ್ ಕೊಡಿ, ಆಗ ಹಳೇದು ಹೊಸದು ಎರಡೂ ಕೈಲಿರುತ್ತೆ.

ಕಾರ್ಟ್ ವಿಷ್ಯ ಬೇರೆ. ಸೆಷನ್‌ಗೆ ಗೊತ್ತಾಗೋದು ಸೆಟ್‌ಆಟ್ರಿಬ್ಯೂಟ್, ರಿಮೂವ್‌ಆಟ್ರಿಬ್ಯೂಟ್ ಕರೆದಾಗ ಮಾತ್ರ, ಲಿಸ್ಟ್ ಒಳಗೆ ನೀವೇನು ಮಾಡ್ತೀರ ಅಂತ ಅದು ನೋಡ್ತಾ ಕೂರಲ್ಲ. ಹಾಗಂತ ಅದೇ ಲಿಸ್ಟನ್ನ ಮತ್ತೆ ಸೆಟ್ ಮಾಡಿದ್ರೂ ಉಪಯೋಗ ಇಲ್ಲ, ರಿಪ್ಲೇಸ್ಡ್ ಬಂದ್ರೂ ಹಳೇದು ಹೊಸದು ಒಂದೇ ಆಬ್ಜೆಕ್ಟ್ ಆಗಿರೋದ್ರಿಂದ ಎರಡ್ರಲ್ಲೂ ಐಟಂ ಇರುತ್ತೆ, ಏನು ಸೇರ್ತು ಅಂತ ತಿಳಿಯಲ್ಲ. ಲಿಸ್ಟನ್ನ ಕಾಪಿ ಮಾಡಿ, ಕಾಪಿಗೆ ಐಟಂ ಹಾಕಿ, ಆ ಕಾಪಿನ ಸೆಟ್ ಮಾಡಿ.

ಪ್ರಶ್ನೆ:
ಥ್ಯಾಂಕ್ಸ್ ಸರ್, ಥೀಮ್ ಸರಿ ಹೋಯ್ತು, ಈಗ 'ಲೈಟ್ ಇಂದ ಡಾರ್ಕ್' ಅಂತ ಸಾಲು ಬರ್ತಿದೆ. ಆದ್ರೆ ನಾನು ಎಲ್ಲೂ ತೆಗೀದೇ ಇದ್ರೂ ಒಂದೊಂದ್ಸಲ ರಿಮೂವ್ಡ್ ಅಂತ ಬರುತ್ತಲ್ಲ?

ಉತ್ತರ:
ವ್ಯಾಲ್ಯೂ ನಲ್ (ಏನೂ ಇಲ್ಲ ಅನ್ನೋ ವ್ಯಾಲ್ಯೂ) ಆಗಿ ಸೆಟ್ ಮಾಡಿದ್ರೆ ಅದು ತೆಗೆದ ಹಾಗೇ ಲೆಕ್ಕ, ಮೊದಲು ಅದನ್ನ ನೋಡಿ. ಸೆಷನ್ ಇನ್‌ವ್ಯಾಲಿಡೇಟ್ ಆದ್ರೂ (ಕೋಡ್‌ನಿಂದ ಮುಗಿಸಿದ್ರೂ), ಯೂಸರ್ ಸುಮ್ಮನಿದ್ದು ಟೈಮ್‌ಔಟ್ ಆದ್ರೂ ಒಳಗಿರೋ ಪ್ರತಿ ಆಟ್ರಿಬ್ಯೂಟ್‌ಗೂ ರಿಮೂವ್ಡ್ ಬರುತ್ತೆ, ಟಾಮ್‌ಕ್ಯಾಟ್ ಸರ್ವರ್‌ನಲ್ಲಿ ಏನೂ ಬದಲಾಯಿಸಿಲ್ಲ ಅಂದ್ರೆ ಟೈಮ್‌ಔಟ್ 30 ನಿಮಿಷ. ಟೈಮ್‌ಔಟ್ ಆಗೋವಾಗ ಯೂಸರ್‌ನ ರಿಕ್ವೆಸ್ಟ್ ಇರುತ್ತೆ ಅಂತ ನಂಬ್ಕೊಂಡು ಅಲ್ಲಿ ಕೋಡ್ ಬರೀಬೇಡಿ.

ಮತ್ತೊಬ್ಬರು:
ಒಂದು ಮಾತು ಸೇರಿಸ್ತೀನಿ, ಆ ಲಿಸನರ್ ಕ್ಲಾಸ್‌ನ ಫೀಲ್ಡ್‌ನಲ್ಲಿ ಯೂಸರ್ ಡೇಟಾ ಇಟ್ಟಿದ್ರೆ ದಯವಿಟ್ಟು ಈಗ್ಲೇ ತೆಗೀರಿ, ಎಲ್ಲಾ ಸೆಷನ್‌ಗೂ ಇರೋದು ಅದೊಂದೇ ಲಿಸನರ್ ಆಬ್ಜೆಕ್ಟ್, ಒಬ್ಬರ ಕಾರ್ಟ್ ಇನ್ನೊಬ್ಬರ ಲಾಗ್‌ಗೆ ಹೋಗುತ್ತೆ.

ಪ್ರಶ್ನೆ:
ಅಯ್ಯೋ, ಹಿಂದಿನ ವ್ಯಾಲ್ಯೂ ನೆನಪಿಡೋಕೆ ಅಂತ ಒಂದು ಫೀಲ್ಡ್ ಇಟ್ಟಿದ್ದೆ, ಈಗ ಅದು ಬೇಕಾಗೂ ಇಲ್ಲ, ತೆಗೆದೆ.