ಸಹಾಯ ಬೇಕು: ಹಾಸನದ ಹಳೇ ಶಾಲೆಗಳ ಫೋಟೊ, ಟಿಸಿ, ಸ್ಲೇಟು ಯಾರ ಮನೆಯಲ್ಲಿದೆ?

ಎಲ್ಲರಿಗೂ ನಮಸ್ಕಾರ. ಹಾಸನದ ಶಾಲೆಗಳ ಕಥೆ ಹೇಳುವ ಸಣ್ಣ ಪ್ರದರ್ಶನವೊಂದನ್ನು ಮ್ಯೂಸಿಯಂನಲ್ಲಿ ಇಡಬೇಕು ಅಂತ ನಾವು ನಾಲ್ಕೈದು ಜನ ಓಡಾಡುತ್ತಿದ್ದೇವೆ. ವಸ್ತುಗಳೇ ಸಾಲುತ್ತಿಲ್ಲ.

ಮೊನ್ನೆ ಅಜ್ಜಿಯ ಟ್ರಂಕಿನಲ್ಲಿ ತಾತನ ಸ್ಕೂಲ್ ಫೀ ರಸೀದಿ ಸಿಕ್ಕಿತು. ಇಸವಿ ಇದ್ದ ಮೂಲೆಯನ್ನೇ ಗೆದ್ದಲು ತಿಂದಿದೆ, ನಮ್ಮ ಅದೃಷ್ಟ! ಆದರೆ ಮೊತ್ತ ರೂಪಾಯಿ, ಆಣೆ, ಪೈ ಲೆಕ್ಕದಲ್ಲಿದೆ. ನಯಾಪೈಸೆ ಬಂದಿದ್ದು 1957ರಲ್ಲಿ. ಅದಕ್ಕಿಂತ ಹಳೆಯದೇ ಇರಬೇಕು ಅಲ್ವಾ? ಹಾಗೇ ನಿಮ್ಮ ಮನೆಯ ಟಿಸಿ, ಅಂಕಪಟ್ಟಿಯಲ್ಲಿ ‘ಮೈಸೂರು ರಾಜ್ಯ’ ಅಂತಿದ್ದರೆ ದಯವಿಟ್ಟು ತಿಳಿಸಿ. ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ಕ್ಕೆ. ಹಳೇ ಫಾರಂ ಮುಗಿಯುವ ತನಕ ಆಮೇಲೂ ಬಳಸಿರಬಹುದು, ಅದು ಬೇರೆ ಮಾತು.

ಮರದ ಚೌಕಟ್ಟಿನ ಸ್ಲೇಟು, ಮಸಿ ಕುಡಿಕೆ, ಕ್ಲಾಸಿನ ಗ್ರೂಪ್ ಫೋಟೊ ಇದ್ದರೂ ಸಾಕು. ಕಾಗದ, ಫೋಟೊ ಕೊಟ್ಟುಬಿಡಬೇಕಾಗಿಲ್ಲ, ನಿಮ್ಮ ಮನೆಗೇ ಬಂದು ಸ್ಕ್ಯಾನ್ ಮಾಡಿಕೊಳ್ಳುತ್ತೇವೆ. ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಸುಮ್ನೆ ಕೀಳಲು ಹೋಗಬೇಡಿ, ಚಿತ್ರದ ಪದರವೇ ಗಾಜಿನ ಜೊತೆ ಎದ್ದು ಬರುತ್ತೆ. ಹಿಂದೆ ಹೆಸರು ಬರೆಯುವುದಿದ್ದರೆ ಬಾಲ್ ಪೆನ್ ಬೇಡ, ಪೆನ್ಸಿಲ್‌ನಲ್ಲಿ ಮೆಲ್ಲಗೆ ಬರೆಯಿರಿ.

ಇದ್ದವರು ಇಲ್ಲೇ ಕಾಮೆಂಟ್ ಹಾಕಿ. ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ.